ದೋಷ ತಿದ್ದಲು ಎಷ್ಟು ಅವಸರ, ಎಷ್ಟು ಸೈರಣೆ?

ವಾರಾಹಿ ನದಿಯ ದಂಡೆಯ ಬಸ್ರೂರು ಇಂದು ಕುಂದಾಪುರ ತಾಲ್ಲೂಕಿನ ಸಣ್ಣ ಊರು. ವಿಜಯನಗರದ ಕಾಲದಲ್ಲಿ ಅದು ಕರಾವಳಿಯ ಹೆಸರಾಂತ ಬಂದರು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಈ ಊರಿನಿಂದ ಹಡಗುಗಟ್ಟಲೆ ಅಕ್ಕಿ ಹೊರಹೋಗುತ್ತಿತ್ತು. 1665ರ ಫೆಬ್ರುವರಿಯಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ದಾಳಿ ಮಾಡಿದ್ದೂ ಇಲ್ಲಿನ ಸಂಪತ್ತಿಗಾಗಿಯೇ. ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಲರು, ಸೆಟ್ಟಿಕಾರರ ಉಲ್ಲೇಖ ಶಾಸನಗಳಲ್ಲಿದೆ. ಬ್ರಹ್ಮಾವರ ಸಮೀಪದ ಬಾರಕೂರಿನಲ್ಲಿ ಟಂಕಸಾಲೆ ಇತ್ತು. ಬಾರಕೂರು ಗದ್ಯಾಣವೆಂದರೆ ವ್ಯಾಪಾರಿಗಳು ನಂಬುತ್ತಿದ್ದ ನಾಣ್ಯ.

ಆ ನಾಣ್ಯದಲ್ಲಿ ಕೊರತೆ ಕಂಡರೆ ಹೋಗಿ ಕೇಳಲು ಒಂದು ಬಾಗಿಲಿತ್ತು. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯಕ್ಕೆ ಟಂಕಸಾಲೆಯೂ ಇಲ್ಲ, ರಿಸರ್ವ್ ಬ್ಯಾಂಕೂ ಇಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಓಡುವ ತಂತ್ರಾಂಶವೇ ಅದರ ಟಂಕಸಾಲೆ, ಖಜಾನೆ, ಲೆಕ್ಕದ ಪುಸ್ತಕ. ಅದರ ಕೋಡ್ ಎಲ್ಲರ ಕಣ್ಣೆದುರಿಗೇ ಇರುತ್ತದೆ. ದೋಷವೊಂದನ್ನು ತಿದ್ದಿ ಪ್ರಕಟಿಸಿದರೆ, ದೋಷ ಎಲ್ಲಿತ್ತೆಂದು ಕಳ್ಳನಿಗೂ ತಿಳಿಯುತ್ತದೆ. ತಿದ್ದಿದ ಆವೃತ್ತಿಯನ್ನು ಪ್ರತಿಯೊಬ್ಬರೂ ತಾವಾಗಿಯೇ ಹಾಕಿಕೊಳ್ಳಬೇಕು. ಒಮ್ಮೆ ಕೈಬಿಟ್ಟ ಹಣವನ್ನು ವಾಪಸ್ ತರಿಸುವ ಅಧಿಕಾರಿ ಯಾರೂ ಇಲ್ಲ. ಹಾಗಾದರೆ ದೋಷ ಕಂಡ ಕೂಡಲೇ ತಿದ್ದಬೇಕೇ, ಪರೀಕ್ಷಿಸುತ್ತ ಕಾಯಬೇಕೇ? ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಪೆಟ್ಟು ತಿನ್ನುತ್ತಲೇ ಅದನ್ನು ಕಲಿಯಬೇಕಾಯಿತು.

ಕೆಲವೇ ಗಂಟೆಗಳ ತಿದ್ದುಪಡಿ

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2010ರ ಆಗಸ್ಟ್ 15ರಂದು. ಬಿಟ್‌ಕಾಯಿನ್‌ನ ಒಟ್ಟು ನಾಣ್ಯಗಳು 2.1 ಕೋಟಿ ಮೀರಬಾರದೆಂಬುದು ನಿಯಮ. ಆದರೆ ಆ ಲೆಕ್ಕದ ಪುಸ್ತಕದ ಪುಟದಂಥ 74638ನೇ ಬ್ಲಾಕ್‌ನಲ್ಲಿ ಒಂದೇ ವ್ಯವಹಾರದಿಂದ 18,400 ಕೋಟಿಗೂ ಹೆಚ್ಚು ನಾಣ್ಯಗಳು ಹುಟ್ಟಿಕೊಂಡವು. ಎರಡು ಭಾರೀ ಮೊತ್ತಗಳನ್ನು ಕೂಡಿದಾಗ ಕಂಪ್ಯೂಟರಿನ ಲೆಕ್ಕ ತನ್ನ ಮಿತಿ ದಾಟಿ ಋಣಸಂಖ್ಯೆಗೆ ತಿರುಗಿತ್ತು; ‘ಇರುವುದಕ್ಕಿಂತ ಹೆಚ್ಚು ಖರ್ಚಾಗುತ್ತಿದೆಯೇ’ ಎಂಬ ತಪಾಸಣೆಗೆ ಅದು ಸಿಕ್ಕಿಬೀಳಲಿಲ್ಲ. ಸತೋಶಿ ನಾಕಾಮೊಟೊ ಎಂಬ ಹೆಸರಿನ ನಿರ್ಮಾತೃ ಕೆಲವೇ ಗಂಟೆಗಳಲ್ಲಿ ತಿದ್ದಿದ ಆವೃತ್ತಿ ಹೊರಡಿಸಿದರು. ಸುಳ್ಳು ಬ್ಲಾಕ್ ಸೇರಿದ್ದ ಸರಪಳಿಯನ್ನು ಬಿಟ್ಟು ಎಲ್ಲರೂ ಹೊಸ ಸರಪಳಿಗೆ ಬಂದರು. ಅಂದು ಬಳಕೆದಾರರು ಕೆಲವೇ ಮಂದಿ, ನಾಣ್ಯದ ಬೆಲೆಯೂ ಅತ್ಯಲ್ಪ. ಆ ವೇಗ ಮುಂದೆ ಅಷ್ಟು ಸುಲಭವಾಗಿ ಕೈಗೆಟುಕಲಿಲ್ಲ.

ಒಂದು ದಿನದ ಅವಸರ, ಮೂರು ತಿಂಗಳ ಅಸಡ್ಡೆ

ಅವಸರ, ನಿಧಾನ ಎರಡೂ ಒಟ್ಟಿಗೆ ಕೈಕೊಟ್ಟ ಉದಾಹರಣೆ 2017ರದು. ಈಥರ್ ನಾಣ್ಯ ಕೂಡಿಡಲು ಪ್ಯಾರಿಟಿ ಎಂಬ ಕಂಪನಿ ಜಂಟಿ ಸಹಿಯ ವ್ಯಾಲೆಟ್ ರೂಪಿಸಿತ್ತು. ನೂರಾರು ವ್ಯಾಲೆಟ್‌ಗಳು ಹಂಚಿಕೊಂಡ ಒಂದೇ ಸಾಮಾನ್ಯ ಕೋಡ್ ಅದರ ಹೃದಯ. ಜುಲೈ 19ರಂದು ಅದರ ದೋಷ ಬಳಸಿ ಕಳ್ಳರು 1,53,037 ಈಥರ್ ದೋಚಿದರು. ಮರುದಿನವೇ ತಿದ್ದಿದ ಸಾಮಾನ್ಯ ಕೋಡ್ ಜಾಲಕ್ಕೆ ಏರಿತು. ಕಳ್ಳರು ನುಗ್ಗಿದ ಬಾಗಿಲು ಮುಚ್ಚಿತು, ನಿಜ. ಆದರೆ ಆ ಕೋಡ್‌ಗೆ ಒಡೆಯನನ್ನು ನಿಗದಿಪಡಿಸುವ ಕೆಲಸ ಹಾಗೇ ಉಳಿಯಿತು. ಆಗಸ್ಟ್‌ನಲ್ಲಿ ಹೊರಗಿನವರೊಬ್ಬರು ಇದನ್ನು ಸರಿಪಡಿಸುವಂತೆ ಸೂಚಿಸಿದರು. ಕಂಪನಿ ಅದನ್ನು ಅನುಕೂಲಕ್ಕೆ ಕೊಟ್ಟ ಸಲಹೆಯೆಂದು ತಿಳಿದು ಮುಂದಿನ ಅಪ್‌ಡೇಟ್‌ಗೆ ಬಿಟ್ಟಿತು. ನವೆಂಬರ್ 6ರಂದು ಯಾರೋ ಒಬ್ಬರು ಆ ಕೋಡ್‌ಗೆ ತಾವೇ ಒಡೆಯರೆಂದು ದಾಖಲಿಸಿಕೊಂಡು ಅದನ್ನು ಅಳಿಸಿಬಿಟ್ಟರು. 587 ವ್ಯಾಲೆಟ್‌ಗಳಲ್ಲಿದ್ದ 5,13,774 ಈಥರ್ ಹಾಗೇ ಬೀಗ ಬಿದ್ದು ಕುಳಿತಿತು. ತುರ್ತಿನಲ್ಲಿ ತಿದ್ದಿದ್ದನ್ನು ತಪ್ಪು ಎನ್ನಲಾಗದು. ತುರ್ತು ಕಳೆದ ಮೇಲೆ ಕೂತು ಮತ್ತೊಮ್ಮೆ ಪರೀಕ್ಷಿಸದೇ ಇದ್ದದ್ದು ತಪ್ಪು.

ಮೌನಕ್ಕೂ ಒಂದು ಗಡುವು

ಮರುವರ್ಷ ಬಿಟ್‌ಕಾಯಿನ್‌ನಲ್ಲೇ ಇನ್ನೊಂದು ದೋಷ ಸಿಕ್ಕಿತು. ಬ್ಲಾಕ್‌ಗಳನ್ನು ಬೇಗ ಪರಿಶೀಲಿಸಲೆಂದು ಹಿಂದೆ ಒಂದು ತಪಾಸಣೆಯನ್ನು ಕೈಬಿಟ್ಟಿದ್ದರು. ಒಂದೇ ನಾಣ್ಯವನ್ನು ಒಂದೇ ವ್ಯವಹಾರದಲ್ಲಿ ಎರಡು ಸಲ ಖರ್ಚು ಮಾಡುವ ದಾರಿ ಅದರಿಂದ ತೆರೆದಿತ್ತು. 2018ರ ಸೆಪ್ಟೆಂಬರ್ 17ರಂದು ವರದಿ ಬಂತು, 18ಕ್ಕೆ 0.16.3 ಆವೃತ್ತಿ ಹೊರಬಂತು. ಕಂಪ್ಯೂಟರುಗಳು ಕೆಟ್ಟು ನಿಲ್ಲಬಹುದು ಎಂಬಷ್ಟನ್ನೇ ಮೊದಲು ಹೇಳಿದರು. ಖೋಟಾ ನಾಣ್ಯ ಹುಟ್ಟಬಹುದಿತ್ತು ಎಂಬ ದೊಡ್ಡ ಸಂಗತಿಯನ್ನು ಸೆಪ್ಟೆಂಬರ್ 20ರಂದು ತೆರೆದಿಟ್ಟರು.

ಝೀಕ್ಯಾಶ್ ಎಂಬ ಇನ್ನೊಂದು ಕ್ರಿಪ್ಟೊ ನಾಣ್ಯದ ತಂಡ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 2018ರ ಮಾರ್ಚ್ 1ರಂದು ಗೂಢಲಿಪಿ ತಜ್ಞ ಏರಿಯಲ್ ಗಬಿಝೋನ್‌ಗೆ ಆ ನಾಣ್ಯದ ಗಣಿತದಲ್ಲೇ ಬಿರುಕು ಕಂಡಿತು. ವಿಷಯ ಬೆರಳೆಣಿಕೆಯ ಜನರಲ್ಲೇ ಉಳಿಯಿತು. ಅಕ್ಟೋಬರ್ 28ಕ್ಕೆ ಮೊದಲೇ ಗೊತ್ತುಪಡಿಸಿದ್ದ ದೊಡ್ಡ ಅಪ್‌ಡೇಟ್‌ನೊಳಗೆ ತಿದ್ದುಪಡಿಯೂ ಸದ್ದಿಲ್ಲದೆ ಸೇರಿತು. ಜಗತ್ತಿಗೆ ಹೇಳಿದ್ದು 2019ರ ಫೆಬ್ರುವರಿ 5ರಂದು. ಆ ಬಿರುಕು ಕಾಣಲು ಅಪರೂಪದ ಪಾಂಡಿತ್ಯ ಬೇಕಿತ್ತು. ಹಾಗಾಗಿ ಅವರಿಗೆ ಕಾಯುವ ಧೈರ್ಯ ಬಂತು.

ಭಾರತದ್ದೇ ಸಂಗತಿ 2021ರದು. ಜಯಂತಿ ಕನಾನಿ, ಸಂದೀಪ್ ನೈಲ್‌ವಾಲ್, ಅನುರಾಗ್ ಅರ್ಜುನ್ 2017ರಲ್ಲಿ ಮ್ಯಾಟಿಕ್ ಹೆಸರಿನಲ್ಲಿ ಕಟ್ಟಿದ ಜಾಲ ಆ ಹೊತ್ತಿಗೆ ಪಾಲಿಗಾನ್ ಆಗಿತ್ತು. ಡಿಸೆಂಬರ್ 3ರಂದು ಹೊರಗಿನ ಸಂಶೋಧಕರೊಬ್ಬರು ವರದಿ ಕಳಿಸಿದರು: ಹಣ ವರ್ಗಾಯಿಸುವ ಕೋಡ್‌ನಲ್ಲಿ ಕಳುಹಿಸುವವರ ಖಾತೆಯಲ್ಲಿ ಅಷ್ಟು ಹಣ ಇದೆಯೇ ಎಂದು ನೋಡುವ ತಪಾಸಣೆಯೇ ಇಲ್ಲ. ಅಪಾಯದಲ್ಲಿದ್ದದ್ದು 900 ಕೋಟಿಗೂ ಹೆಚ್ಚು ಮ್ಯಾಟಿಕ್ ನಾಣ್ಯ. ಡಿಸೆಂಬರ್ 5ಕ್ಕೆ ಇಡೀ ಜಾಲವೇ ಹೊಸ ಆವೃತ್ತಿಗೆ ದಾಟಿತು. ಅಷ್ಟರಲ್ಲಿ ಕಳ್ಳನೊಬ್ಬ 8,01,601 ಮ್ಯಾಟಿಕ್ ಹೊತ್ತೊಯ್ದಿದ್ದ; ಆ ನಷ್ಟವನ್ನು ಪಾಲಿಗಾನ್ ತಾನೇ ಭರಿಸುವುದಾಗಿ ಹೇಳಿತು. ಕಾರಣ ಹೇಳದೆ ಜಾಲವನ್ನೇ ಬದಲಿಸಿದ್ದಕ್ಕೆ ಬಳಕೆದಾರರು ತರಾಟೆಗೆ ತೆಗೆದುಕೊಂಡರು. ಪೂರ್ಣ ವಿವರ ಡಿಸೆಂಬರ್ 29ಕ್ಕೆ ಬಂತು, ದೋಷ ಹುಡುಕಿಕೊಟ್ಟವರಿಗೆ ಒಟ್ಟು ಸುಮಾರು 34.6 ಲಕ್ಷ ಡಾಲರ್ ಬಹುಮಾನ ಸಂದಿತು.

ಹರಳುಗಟ್ಟಿದ ಪದ್ಧತಿ

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಪದ್ಧತಿಯೊಂದು ಹೇಗೆ ರೂಪುಗೊಂಡಿತೆಂಬುದು ತಿಳಿಯುತ್ತದೆ. ದೋಷ ಮತ್ತೊಬ್ಬರ ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಆಗುವ ನಷ್ಟ ತುಂಬಲು ಬರುತ್ತದೆಯೇ ಎಂಬುದು ವೇಗವನ್ನು ನಿರ್ಧರಿಸಬೇಕು. ಕಡಲಲ್ಲಿ ನೀರು ನುಗ್ಗಿದಾಗ ಸಿಕ್ಕಿದ್ದನ್ನು ತುರುಕಿ ತೂತು ಮುಚ್ಚುವ ಬೋಟಿನವರು, ದಕ್ಕೆಗೆ ಬಂದ ಮೇಲೆ ಹಲಗೆ ಬದಲಿಸಿಯೇ ಮತ್ತೆ ಇಳಿಯುತ್ತಾರೆ. ಪ್ಯಾರಿಟಿಯಲ್ಲಿ ಈ ಎರಡನೆಯ ಕೆಲಸ ನಡೆಯಲಿಲ್ಲ.

ಗುಟ್ಟಿಗೂ ಇದೇ ನ್ಯಾಯ. ತಿದ್ದುಪಡಿ ಎಲ್ಲರಿಗೂ ತಲುಪುವವರೆಗಿನ ಮೌನ ಕಾವಲು, ಆಮೇಲಿನ ಮೌನ ವಂಚನೆ. ಬಸ್ರೂರಿನ ಒಪ್ಪಂದಗಳು ಕಲ್ಲಿಗೇರಿದ್ದು ಊರಿಗೆ ಊರೇ ಸಾಕ್ಷಿಯಾಗಿರಲೆಂದು. ಹಣದ ವಿಚಾರದಲ್ಲಿ ಆ ಸಾಕ್ಷಿ ಇಂದಿಗೂ ಬೇಕು.

ನಮ್ಮ ಹುಡುಗರು ಬೆಂಗಳೂರಿನಲ್ಲಿ ಕೂತು ಇಂಥ ಕೋಡ್ ಬರೆಯುತ್ತಿದ್ದಾರೆ. ಊರಿನವರು ಮೊಬೈಲಿನಲ್ಲಿ ಆ ನಾಣ್ಯ ಕೊಳ್ಳುತ್ತಿದ್ದಾರೆ. ಹಣ ಹೂಡುವ ಮುನ್ನ ಲಾಭದ ಲೆಕ್ಕದ ಜೊತೆಗೆ ಇನ್ನೊಂದನ್ನು ಕೇಳಿ: ಈ ತಂಡ ತನ್ನ ಹಳೆಯ ದೋಷಗಳ ವಿವರವನ್ನು, ತಿದ್ದಿದ ದಿನಾಂಕದ ಸಮೇತ, ಪ್ರಕಟಿಸಿದೆಯೇ? ಪ್ರಕಟಿಸಿದ್ದರೆ ಮಾತು ಮುಂದುವರಿಸಬಹುದು. ನಮ್ಮಲ್ಲಿ ದೋಷವೇ ಇಲ್ಲ ಎನ್ನುವವರ ಬಳಿ ದುಡ್ಡು ಇಡಬೇಡಿ.