ಪಾರ್ಕ್ ರಾಯಲ್‌ನಲ್ಲಿ ಒಗ್ಗಟ್ಟೆಂದರೆ ಕಡತ ಓದುವ ಕೆಲಸ

ಪಶ್ಚಿಮ ಲಂಡನ್ನಿನ ಪಾರ್ಕ್ ರಾಯಲ್ ಪ್ರವಾಸಿಗರು ಹೋಗುವ ಜಾಗವಲ್ಲ. ಬೆಂಗಳೂರಿಗೆ ಪೀಣ್ಯ ಇದ್ದಂತೆ ಲಂಡನ್ನಿಗೆ ಅದು. 1903ರಿಂದ 1905ರವರೆಗೆ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ಅಲ್ಲಿ ಕೃಷಿಮೇಳ ನಡೆಸಿತು. ಮೇಳ ಕೈಹಿಡಿಯಲಿಲ್ಲ, ಹೆಸರು ಮಾತ್ರ ಉಳಿಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಮದ್ದುಗುಂಡಿನ ಕಾರ್ಖಾನೆಗಳು ಬಂದವು. 1936ರಿಂದ 2005ರವರೆಗೆ ಗಿನ್ನೆಸ್ ಕಂಪನಿ ಅಲ್ಲಿ ಬಿಯರ್ ತಯಾರಿಸಿತು. ಇಂದು ಬೇಕರಿಗಳು, ಸಿದ್ಧ ಆಹಾರದ ಘಟಕಗಳು, ಗೋದಾಮುಗಳು, ಕಾರ್ ರಿಪೇರಿ ಶೆಡ್ಡುಗಳು ಒತ್ತೊತ್ತಾಗಿ ನಿಂತಿವೆ. ಅಂಚಿನಲ್ಲಿ ರೈಲ್ವೆ ಕಾರ್ಮಿಕರಿಗಾಗಿ ಕಟ್ಟಿದ ಹಳೆಯ ಸಾಲುಮನೆಗಳಿವೆ, ಪಕ್ಕದಲ್ಲಿ ಹಾರ್ಲ್ಸ್‌ಡನ್ ಎಂಬ ಪೇಟೆಯಿದೆ, ನಡುವೆ ಗ್ರ್ಯಾಂಡ್ ಯೂನಿಯನ್ ಕಾಲುವೆ ಹರಿಯುತ್ತದೆ. ದುಡಿಯುವವರು ಹೆಚ್ಚು, ವಾಸಿಸುವವರು ಕಡಿಮೆ. ಇಂಥ ಕಡೆ ‘ಊರಿನವರು’ ಅಂದರೆ ಯಾರು, ಅವರು ಒಟ್ಟಾದರೆ ಏನು ಸಾಧ್ಯ ಎಂಬ ಪ್ರಶ್ನೆಗೆ ಕಳೆದೊಂದು ದಶಕದಲ್ಲಿ ಅಲ್ಲಿ ಸಿಕ್ಕಿರುವ ಉತ್ತರ ನಮಗೂ ಬೇಕಾದದ್ದು.

2015ರ ಏಪ್ರಿಲ್‌ನಲ್ಲಿ ಲಂಡನ್ ಮೇಯರ್ ಅವರ ಅಧೀನದಲ್ಲಿ ಓಲ್ಡ್ ಓಕ್ ಮತ್ತು ಪಾರ್ಕ್ ರಾಯಲ್ ಅಭಿವೃದ್ಧಿ ನಿಗಮ ಹುಟ್ಟಿಕೊಂಡಿತು. ಹೈಸ್ಪೀಡ್ ರೈಲಿನ ದೊಡ್ಡ ನಿಲ್ದಾಣ ಓಲ್ಡ್ ಓಕ್ ಕಾಮನ್‌ನಲ್ಲಿ ಬರಲಿದೆ, ಅದರ ಸುತ್ತ 25,500 ಮನೆ ಮತ್ತು 65,000 ಉದ್ಯೋಗ ಎಂಬುದು ಆಗ ಹೇಳಿದ ಗುರಿ. ಬ್ರೆಂಟ್, ಈಲಿಂಗ್, ‘ಹ್ಯಾಮರ್‌ಸ್ಮಿತ್ ಮತ್ತು ಫುಲಮ್’ ಎಂಬ ಮೂರು ಸ್ಥಳೀಯ ಕೌನ್ಸಿಲ್‌ಗಳಿಗೆ ಸೇರಿದ ಸುಮಾರು 650 ಹೆಕ್ಟೇರಿನ ಯೋಜನಾಧಿಕಾರ ನಿಗಮದ ಕೈಗೆ ಹೋಯಿತು. ಅದರ ಮಂಡಳಿಯಲ್ಲಿ ಕೌನ್ಸಿಲ್‌ಗಳ ನಾಯಕರೂ ಇದ್ದಾರೆ ಎನ್ನುವುದು ನಿಜ. ಆದರೆ ಮಂಡಳಿಯನ್ನು ನೇಮಿಸುವವರು ಮೇಯರ್, ಆರಿಸುವವರು ಜನರಲ್ಲ. ಮತ ಕೊಟ್ಟು ಪ್ರಶ್ನಿಸುವ ದಾರಿ ಕಿರಿದಾದಾಗ ಸಂಘಟಿತ ನೆರೆಹೊರೆ ಶೋಭೆಗೆ ಇರುವ ವಸ್ತುವಾಗಿ ಉಳಿಯುವುದಿಲ್ಲ, ಆಡಳಿತದ ಕಾಣೆಯಾದ ಅಂಗವೊಂದರ ಕೆಲಸ ಅದರ ಹೆಗಲಿಗೆ ಬೀಳುತ್ತದೆ.

ಪಾರ್ಕ್ ರಾಯಲ್ ಸುತ್ತ ಆ ಕೆಲಸಕ್ಕೆ ನಿಂತವರು ಬಿಡಿಬಿಡಿ ಗುಂಪುಗಳವರು: ಬೀದಿಗಳ ನಿವಾಸಿ ಸಂಘಗಳು, ವರ್ಮ್‌ವುಡ್ ಸ್ಕ್ರಬ್ಸ್ ಬಯಲಿನ ಗೆಳೆಯರ ಬಳಗ, ಹಾರ್ಲ್ಸ್‌ಡನ್‌ನ ನೆರೆಹೊರೆ ವೇದಿಕೆ. ಇವರನ್ನು ಒಂದು ಮೇಜಿಗೆ ತಂದದ್ದು ಗ್ರ್ಯಾಂಡ್ ಯೂನಿಯನ್ ಅಲೈಯನ್ಸ್ ಎಂಬ ಒಕ್ಕೂಟ. ಲಂಡನ್ನಿನ ಸಮುದಾಯ ಸಂಘಟನೆಗಳ ಜಾಲವಾದ ಜಸ್ಟ್ ಸ್ಪೇಸ್ ಇದಕ್ಕೆ ಬೆನ್ನೆಲುಬಾಯಿತು. ಅವರ ಹೋರಾಟದ ಬಹುಪಾಲು ಬೀದಿಯಲ್ಲಿ ನಡೆಯಲಿಲ್ಲ, ಕಡತದಲ್ಲಿ ನಡೆಯಿತು. ಇಂಗ್ಲೆಂಡಿನಲ್ಲಿ ಸ್ಥಳೀಯ ಯೋಜನೆಯ ಕರಡು ಪ್ರಕಟವಾದರೆ ಯಾರು ಬೇಕಾದರೂ ಲಿಖಿತ ಆಕ್ಷೇಪ ಸಲ್ಲಿಸಬಹುದು. ಬದಲಾವಣೆ ಬೇಕೆಂದು ಕೇಳಿದವರಿಗೆ ಸ್ವತಂತ್ರ ಪರಿವೀಕ್ಷಕರ ಮುಂದೆ ಮಾತಾಡುವ ಹಕ್ಕೂ ಇದೆ. ಆ ವಿಚಾರಣೆಯಲ್ಲಿ ಬಿಲ್ಡರ್‌ಗಳ ವಕೀಲರು, ನಿಗಮದ ಅಧಿಕಾರಿಗಳು, ಬೀದಿಯ ನಿವಾಸಿಗಳು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಪರಿವೀಕ್ಷಕರು ಒಂದೊಂದು ಕಂಡಿಕೆ ತೆಗೆದು ಕೇಳುತ್ತಾರೆ. ಸಾವಿರಾರು ಪುಟಗಳ ಕಡತವನ್ನು ಕೆಲಸ ಮುಗಿಸಿ ಬಂದ ಒಬ್ಬ ನಿವಾಸಿ ರಾತ್ರಿ ಕೂತು ಓದಿ ಮುಗಿಸಲಾರ. ಒಬ್ಬರು ಸಾರಿಗೆ, ಒಬ್ಬರು ಕಟ್ಟಡದ ಎತ್ತರ, ಒಬ್ಬರು ಹಸಿರು ಜಾಗ ಎಂದು ಹಂಚಿಕೊಂಡರೆ ಅದು ಸಾಧ್ಯ. ಒಗ್ಗಟ್ಟಿನ ನಿಜವಾದ ಬೆಲೆ ಈ ಹಂಚಿಕೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಇದರಿಂದ ಆದದ್ದೇನು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2019ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಈ ಯೋಜನೆಗೆ 25 ಕೋಟಿ ಪೌಂಡ್ ಘೋಷಿಸಿತ್ತು. ಅದೇ ವರ್ಷ ಪರಿವೀಕ್ಷಕರು, ಕಾರ್‌ಜಯಂಟ್ ಎಂಬ ಹಳೆ ಕಾರು ಮಾರಾಟದ ಕಂಪನಿಯ ವಿಶಾಲ ಜಾಗದಲ್ಲಿ ಮನೆ ಕಟ್ಟುವ ಲೆಕ್ಕ ಕೂಡಿಬರುವುದಿಲ್ಲ ಎಂದರು. ಡಿಸೆಂಬರ್ ಹೊತ್ತಿಗೆ ನಿಗಮ ಆ ಜಾಗವನ್ನು ಕೈಬಿಟ್ಟಿತು. ಈ ಗೆಲುವನ್ನು ನಿವಾಸಿಗಳ ಖಾತೆಗೆ ಬರೆಯುವಂತಿಲ್ಲ. ಕಂಪನಿಗೆ ದುಬಾರಿ ತಜ್ಞರಿದ್ದರು, ವಾದವೂ ಅದರದ್ದೇ. ಆದರೆ ಯೋಜನೆ ವಾಸ್ತವಕ್ಕೆ ದೂರ, ಸಾಂದ್ರತೆ ಅತಿಯಾಗಿದೆ ಎಂದು ನಿವಾಸಿ ಗುಂಪುಗಳು ಮೊದಲಿಂದಲೂ ಹೇಳುತ್ತಿದ್ದವು. ನೆಲ ಬಲ್ಲವರ ಮಾತು ಕಿವಿಗೆ ಬೀಳದೆ ಮಾಡಿದ ಯೋಜನೆ ಎಷ್ಟು ಮುಂದೆ ಹೋಗಿ ಕುಸಿಯಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ತಿದ್ದುಪಡಿಗಳ ನಂತರ ಯೋಜನೆ ಅಂಗೀಕಾರವಾದದ್ದು 2022ರ ಜೂನ್‌ನಲ್ಲಿ. ಕಟ್ಟಡ ನಕ್ಷೆಗಳನ್ನು ಪರಿಶೀಲಿಸಲು ಸ್ಥಳೀಯರದ್ದೇ ಒಂದು ಗುಂಪನ್ನೂ ನಿಗಮ ನೇಮಿಸಿಕೊಂಡಿತು. ಹಾರ್ಲ್ಸ್‌ಡನ್‌ನವರು ತಮ್ಮದೇ ನೆರೆಹೊರೆ ಯೋಜನೆ ಬರೆದು, ಜನಮತಗಣನೆಯಲ್ಲಿ ಒಪ್ಪಿಗೆ ಪಡೆದು, 2019ರಲ್ಲಿ ಅದನ್ನು ಕಾನೂನಿನ ಬಲವುಳ್ಳ ದಾಖಲೆಯಾಗಿಸಿಕೊಂಡರು.

‘ಮನೆಯಿದ್ದವರು ಮನೆಯಿಲ್ಲದವರ ದಾರಿಗೆ ಅಡ್ಡ ನಿಲ್ಲುತ್ತಾರೆ’ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಲಂಡನ್ನಿನಲ್ಲಿ ಬಾಡಿಗೆ ಕಟ್ಟಲಾಗದೆ ಒದ್ದಾಡುವ ಕುಟುಂಬಗಳನ್ನು ನೆನೆದರೆ ಇದನ್ನು ತಳ್ಳಿಹಾಕುವುದು ಸುಲಭವಲ್ಲ. ತಮ್ಮ ಕಿಟಕಿಯ ನೋಟಕ್ಕಾಗಿ ಮಾತ್ರ ಕೂಗುವ ಗುಂಪುಗಳು ಎಲ್ಲ ಊರಲ್ಲೂ ಇವೆ. ಆದರೆ ಒಂಟಿ ಬೀದಿಯ ಸಂಘಕ್ಕೂ ಒಕ್ಕೂಟಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬಾಡಿಗೆದಾರರ ಸಂಘಟನೆಗಳೂ ಕೂತ ಮೇಜಿನಲ್ಲಿ ‘ಮನೆ ಬೇಡ’ ಎಂದು ಹೇಳಿ ಎದ್ದುಹೋಗಲಾಗದು. ಯಾರ ಕೈಗೆಟಕುವ ಮನೆ, ಎಷ್ಟು ಬಾಡಿಗೆ, ಕಾರ್ಖಾನೆಗಳಿಗೆ ಜಾಗ ಉಳಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಮಾತು ತಿರುಗಲೇಬೇಕು. ಸ್ವಾರ್ಥಕ್ಕೆ ಕಡಿವಾಣ ಹಾಕುವುದೂ ಒಕ್ಕೂಟದ ಕೆಲಸವೇ.

ನಮ್ಮಲ್ಲೂ ಸಾಕ್ಷಿಯಿದೆ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಉಕ್ಕಿನ ಸೇತುವೆಯ ವಿರುದ್ಧ ಸಾವಿರಾರು ಮಂದಿ ಮಾನವ ಸರಪಳಿ ಕಟ್ಟಿ ನಿಂತರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದು ದೊಡ್ಡ ಗೆಲುವೇ. ಆದರೆ ಒಂದು ಯೋಜನೆ ನಿಲ್ಲಿಸುವುದಕ್ಕೂ, ಮುಂದಿನ ಯೋಜನೆ ಬರೆಯುವಾಗ ಒಳಗೆ ಕೂರುವುದಕ್ಕೂ ಬಹಳ ಅಂತರ. ಒಳಗೆ ಕೂರಲೆಂದೇ ವಾರ್ಡ್ ಸಮಿತಿಗಳನ್ನು ಕಾನೂನಿನಲ್ಲಿ ತಂದರು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಯ್ಕೆಯಾದವರಿಲ್ಲದ ಊರಿನಲ್ಲಿ ಕಡತ ಓದಬಲ್ಲ ನೆರೆಹೊರೆಗಳು ಬೇಕಾದದ್ದು ಆಗಲೇ ಅಲ್ಲವೇ?

ಪಾರ್ಕ್ ರಾಯಲ್‌ನಲ್ಲಿ ಬಗೆಹರಿಯದ ಕೊರತೆಯೂ ಒಂದಿದೆ. 2011ರ ಸ್ಥಳೀಯತಾ ಕಾಯಿದೆಯ ಪ್ರಕಾರ ನೆರೆಹೊರೆ ವೇದಿಕೆಗೆ ಕನಿಷ್ಠ 21 ಸದಸ್ಯರು ಬೇಕು. ಅಲ್ಲಿ ವಾಸಿಸುವವರಷ್ಟೇ ಅಲ್ಲ, ದುಡಿಯುವವರೂ ಸೇರಬಹುದು. ಆದರೆ ಜನಮತಗಣನೆಯಲ್ಲಿ ಮತವಿರುವುದು ನಿವಾಸಿಗಳಿಗೆ. ವ್ಯಾಪಾರ ಪ್ರದೇಶವೆಂದು ಘೋಷಿಸಿದ ಕಡೆ ಪ್ರತ್ಯೇಕ ಮತದಾನವೂ ನಡೆಯುತ್ತದೆ, ಅದು ತೆರಿಗೆ ಕಟ್ಟುವ ಸಂಸ್ಥೆಗಳಿಗೆ ಸೇರಿದ್ದು. ರಾತ್ರಿ ಪಾಳಿಯಲ್ಲಿ ಬ್ರೆಡ್ ಬೇಯಿಸಿ ಬೆಳಗಿನ ಬಸ್ಸು ಹಿಡಿಯುವ ಕಾರ್ಮಿಕನಿಗೆ ಎರಡರಲ್ಲೂ ಪಾಲಿಲ್ಲ. ಅವನ ಶೆಡ್ಡು ಇರಬೇಕೋ ಹೋಗಬೇಕೋ ಎಂದು ಬೇರೆಯವರು ತೀರ್ಮಾನಿಸುತ್ತಾರೆ. ಒಕ್ಕೂಟಗಳು ಸಂಜೆ ಏಳರ ಸಭೆಗೆ ಜನ ಬರಲೆಂದು ಕಾಯುವ ಬದಲು ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಕ್ಯಾಂಟೀನಿಗೇ ಹೋಗಿ, ಅವನ ಭಾಷೆಯಲ್ಲಿ ಯೋಜನೆಯ ಕರಡನ್ನು ಓದಿ ಹೇಳಬೇಕು.