ಗುಹೇಶ್ವರ ಗಡ್ಡೆಗೆ ದೋಣಿಯ ದಾರಿ

ಜಮಖಂಡಿ ತಾಲ್ಲೂಕಿನ ಕಂಕಣವಾಡಿ ಬಳಿ, ಕೃಷ್ಣಾ ನದಿಯ ನಡುವೆ ಇರುವ ನಡುಗಡ್ಡೆ ಗುಹೇಶ್ವರ ಗಡ್ಡೆ. ಮಣ್ಣು ಫಲವತ್ತು, ಮುಖ್ಯ ಬೆಳೆ ಕಬ್ಬು. ಹೊಲಕ್ಕೆ ಹೋಗಲು, ಗೊಬ್ಬರ ಒಯ್ಯಲು, ಕಡಿದ ಕಬ್ಬನ್ನು ದಡ ಸೇರಿಸಲು ಕೂಡ ರೈತರು ದೋಣಿಯನ್ನೇ ನಂಬಿಕೊಂಡಿದ್ದರು.

ಇಂಥ ದೋಣಿ ಬರೀ ಟಿಕೆಟ್ ಹಣದಿಂದ ನಡೆಯುವುದು ಕಷ್ಟ. ದಾಟುವವರು ಕಡಿಮೆ; ಡೀಸೆಲ್, ಅಂಬಿಗರ ಕೂಲಿ, ರಿಪೇರಿ ಮಾತ್ರ ತಪ್ಪುವುದಿಲ್ಲ. ಆ ಕೊರತೆಯನ್ನು ಸರ್ಕಾರ ತುಂಬಿಕೊಡುವುದೇ ಸಹಾಯಧನ.

ಉದಾಹರಣೆಗೆ, ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸರ್ಕಾರಿ ಲಾಂಚ್‌ಗಳು ದಶಕಗಳ ಕಾಲ ಜನರನ್ನೂ ವಾಹನಗಳನ್ನೂ ಕಡಿಮೆ ದರದಲ್ಲಿ ದಾಟಿಸಿದವು. 2025ರ ಜುಲೈ 14ರಂದು ಅಲ್ಲಿ ಸೇತುವೆಯೇ ಉದ್ಘಾಟನೆಯಾಯಿತು. ಆದರೆ ಸೇತುವೆ ಇಲ್ಲದ ಗಡ್ಡೆಗಳಿಗೆ ಗಟ್ಟಿ ದೋಣಿ, ಲೈಫ್ ಜಾಕೆಟ್ ಒದಗಿಸುವುದು ಸರ್ಕಾರದ ಹೊಣೆ.