ಹಗಲು ನೌಕರಿ, ಸಂಜೆ ವಿಮಾನ

2010ರ ಅಕ್ಟೋಬರ್ 16ರಂದು ಹೊಸೂರಿನ ಬಳಿಯ ಏರ್‌ಫೀಲ್ಡ್‌ನಿಂದ ಪೈಲಟ್ ಇಲ್ಲದ ವಿಮಾನವೊಂದು ಮೇಲೇರಿ, ಹಾರಿ, ಸುರಕ್ಷಿತವಾಗಿ ಇಳಿಯಿತು. ಬೆಂಗಳೂರಿನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಎಡಿಇ ರೂಪಿಸಿದ ಆ ವಿಮಾನದ ಹೆಸರು ರುಸ್ತುಂ-1. ಅದರ ಮೈಕಟ್ಟು ಸಾಮಾನ್ಯ ವಿಮಾನದ ಹಾಗಿಲ್ಲ. ದೊಡ್ಡ ರೆಕ್ಕೆಗಳು ಹಿಂದಕ್ಕಿವೆ, ಮೂತಿಯ ಹತ್ತಿರ ಒಂದು ಪುಟ್ಟ ರೆಕ್ಕೆ ಇದೆ, ಹಿಂದೆ ಕೂತ ಪ್ರೊಪೆಲರ್ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಈ ಮೈಕಟ್ಟು ಯಾವ ರಕ್ಷಣಾ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ. ಹಗಲು ಬೇರೆ ಕೆಲಸ ಮಾಡಿ ಸಂಜೆ ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟುವವರಿಗಾಗಿ ಅಮೆರಿಕದಲ್ಲಿ ಬರೆದ ನಕ್ಷೆಯೊಂದು ಅದರ ಮೂಲ. ಹವ್ಯಾಸಿ ವಿಮಾನ ಎಂದ ಕೂಡಲೇ ನಾವು ಆಕಾಶದ ಮೋಹದ ಬಗ್ಗೆ, ಸಾಹಸದ ಬಗ್ಗೆ ಮಾತಾಡುತ್ತೇವೆ. ಆ ಮೋಹ ಲಕ್ಷಾಂತರ ಜನರಿಗಿದೆ. ವಿಮಾನ ಮಾತ್ರ ಕೆಲವರ ಕೈಯಲ್ಲಷ್ಟೇ ಆಗುತ್ತದೆ. ಯಾರ ಕೈಯಲ್ಲಿ ಆಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅವರ ಹೊಟ್ಟೆಪಾಡಿನ ಕೆಲಸ. ಆ ಕೆಲಸ ಕೈಗೆ ಕಲಿಸಿದ ಹದ, ಒದಗಿಸಿದ ಉಪಕರಣ, ವರ್ಷದಲ್ಲಿ ಉಳಿಸಿಕೊಟ್ಟ ಬಿಡುವು ಇವೇ ವಿಮಾನಕ್ಕೆ ಆಕಾರ ಕೊಡುತ್ತವೆ. ರುಸ್ತುಂ-1ರ ವಂಶಾವಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಈ ಮಾತು ಹಂತಹಂತವಾಗಿ ಗಟ್ಟಿಯಾಗುತ್ತದೆ.

ಆ ನಕ್ಷೆ ಬರೆದವರು ಬರ್ಟ್ ರುಟಾನ್. 1965ರಿಂದ 1972ರವರೆಗೆ ಅವರು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಹಾರಾಟ ಪರೀಕ್ಷೆಯ ಇಂಜಿನಿಯರ್ ಆಗಿದ್ದರು. ವಿಮಾನವೊಂದು ಯಾವ ಘಟ್ಟದಲ್ಲಿ ಹಿಡಿತ ತಪ್ಪುತ್ತದೆ, ಯಾವಾಗ ಗಿರಕಿ ಹೊಡೆದು ಬೀಳುತ್ತದೆ ಎಂಬುದನ್ನು ಅಳೆಯುವುದೇ ಅವರ ಹಗಲಿನ ಕೆಲಸ. ಅದೇ ವರ್ಷಗಳಲ್ಲಿ ಬಿಡುವಿನ ವೇಳೆಯಲ್ಲಿ ಅವರು ತಮ್ಮ ಮೊದಲ ವಿಮಾನ ವ್ಯಾರಿವಿಗನ್ ಅನ್ನು ಕಟ್ಟಿದರು. ಮೂತಿಯಲ್ಲಿ ಪುಟ್ಟ ರೆಕ್ಕೆ ಇಟ್ಟಿದ್ದು ಅಂದಕ್ಕಲ್ಲ. ವೇಗ ತೀರಾ ತಗ್ಗಿದಾಗ ಆ ಪುಟ್ಟ ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಳ್ಳುತ್ತದೆ, ಮೂತಿ ತಾನಾಗಿ ಕೆಳಗೆ ಬಾಗುತ್ತದೆ, ವೇಗ ಮರಳುತ್ತದೆ, ದೊಡ್ಡ ರೆಕ್ಕೆ ಕೈಕೊಡುವ ಹಂತಕ್ಕೆ ಹೋಗುವುದೇ ಇಲ್ಲ. ನೌಕರಿಯಲ್ಲಿ ದಿನವೂ ಕಂಡ ಅಪಾಯಕ್ಕೆ ಗ್ಯಾರೇಜಿನಲ್ಲಿ ಹುಡುಕಿದ ಪರಿಹಾರ ಅದು. 1979ರಲ್ಲಿ ಮೊದಲು ಹಾರಿದ ಲಾಂಗ್-ಈಝೀ ಈ ಸಾಲಿನಲ್ಲಿ ಅತ್ಯಂತ ಹೆಸರಾದದ್ದು. ಅದನ್ನು ಕಟ್ಟುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೋಮ್ ದಿಮ್ಮಿಯ ಎರಡೂ ತುದಿಗೆ ರೆಕ್ಕೆಯ ಆಕಾರದ ಅಚ್ಚುಪಟ್ಟಿ ಬಡಿಯುತ್ತಾರೆ. ಪಟ್ಟಿಯ ಅಂಚಿನುದ್ದಕ್ಕೂ ಅಂಕಿಗಳಿರುತ್ತವೆ. ವಿದ್ಯುತ್ತಿನಿಂದ ಕಾದ ತಂತಿಯನ್ನು ಆಚೆ ಒಬ್ಬರು ಈಚೆ ಒಬ್ಬರು ಹಿಡಿದು, ಅಂಕಿಗಳನ್ನು ಗಟ್ಟಿಯಾಗಿ ಕೂಗುತ್ತ, ಒಂದೇ ಗತಿಯಲ್ಲಿ ಎಳೆಯಬೇಕು. ಒಬ್ಬರು ಮುಂದಾದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಆಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಸವರುತ್ತಾರೆ. ಲೋಹ ಬಗ್ಗಿಸುವ ಯಂತ್ರ ಬೇಡ, ದುಬಾರಿ ಅಚ್ಚು ಬೇಡ. ಶಾಲೆಯ ಮೇಷ್ಟ್ರು, ದಂತವೈದ್ಯರು, ಎಲೆಕ್ಟ್ರಿಷಿಯನ್ ಯಾರೇ ಆದರೂ ದಿನಕ್ಕೆರಡು ಗಂಟೆಯಂತೆ ಮಾಡಬಹುದಾದ ಕೆಲಸ. ಗ್ಯಾರೇಜಿನಲ್ಲಿ ಕಟ್ಟುವ ವಿಮಾನಕ್ಕೆ ಸಾಮಾನ್ಯವಾಗಿ 1,500ರಿಂದ 2,500 ಗಂಟೆ ದುಡಿಮೆ ಹಿಡಿಯುತ್ತದೆ. ದಿನಕ್ಕೆರಡು ಗಂಟೆ ಎಂದರೂ ಎರಡು ಮೂರು ವರ್ಷಗಳ ಸಂಜೆಗಳು.

ಎಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ರುಸ್ತುಂ ದಮಾನಿಯಾ ಅವರ ನೇತೃತ್ವದ ತಂಡ ಇದೇ ಲಾಂಗ್-ಈಝೀಯನ್ನು ಎತ್ತಿಕೊಂಡಿತು. ಎಲ್‌ಸಿಆರ್‌ಎ ಎಂಬ ಹೆಸರಿನಲ್ಲಿ ಅವರು ಕಟ್ಟಿದ ವಿಮಾನ 1987ರಲ್ಲಿ ಹಾರಿತು. ರಾಷ್ಟ್ರೀಯ ಸಂಸ್ಥೆಯೊಂದು ಹವ್ಯಾಸಿಗಳ ನಕ್ಷೆಯಿಂದ ಪಾಠ ಕಲಿತದ್ದನ್ನು ಕೆಲವರು ಕೊರತೆ ಎಂದುಕೊಳ್ಳಬಹುದು. ಅದು ಆ ತಂಡದ ವಿವೇಕ ಎಂಬುದು ನನ್ನ ಅಭಿಪ್ರಾಯ. ಫೋಮು, ಗಾಜಿನ ನಾರು, ಎಪಾಕ್ಸಿಗಳನ್ನು ಕೈಯಾರೆ ಮುಟ್ಟಿ ಕಲಿಯಲು ಅದಕ್ಕಿಂತ ಅಗ್ಗದ, ಅದಕ್ಕಿಂತ ನೇರವಾದ ದಾರಿ ಇರಲಿಲ್ಲ. ಆ ಅನುಭವ ಎರಡು ಕಡೆ ಫಲ ಕೊಟ್ಟಿತು. 1993ರಲ್ಲಿ ಎರಡು ಸೀಟಿನ ತರಬೇತಿ ವಿಮಾನ ಹಂಸ ಹಾರಿತು, ಮುಂದೆ ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿತು. ಎಲ್‌ಸಿಆರ್‌ಎಯ ಮೈಕಟ್ಟು ಎಡಿಇಯ ಕೈ ಸೇರಿ ಪೈಲಟ್ ರಹಿತ ವಿಮಾನವಾಯಿತು. 2001ರಲ್ಲಿ ತೀರಿಕೊಂಡ ದಮಾನಿಯಾ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಹೀಗೆ ಎಡ್ವರ್ಡ್ಸ್ ನೆಲೆಯ ನೌಕರಿಯಲ್ಲಿ ಕಲಿತದ್ದು ಗ್ಯಾರೇಜಿಗೆ ಹೋಯಿತು, ಗ್ಯಾರೇಜಿನಲ್ಲಿ ಪಕ್ವವಾದದ್ದು ಬೆಂಗಳೂರಿನ ನೌಕರರ ಹಗಲಿನ ಕೆಲಸಕ್ಕೆ ಮರಳಿ ಬಂತು.

ಇನ್ನೂ ಹಿಂದೆ, ಮೊದಲ ವಿಮಾನದ ಹತ್ತಿರವೇ ಹೋದರೂ ಇದೇ ಕಾಣುತ್ತದೆ. ರೈಟ್ ಸಹೋದರರು ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಅದನ್ನು ನಾವು ಬಡತನದಿಂದ ಮೇಲೆ ಬಂದವರ ಕಥೆಯಾಗಿ ಹೇಳಿ ಮುಗಿಸುತ್ತೇವೆ, ಆ ಅಂಗಡಿ ಏನು ಕೊಟ್ಟಿತು ಎಂದು ಕೇಳುವುದಿಲ್ಲ. ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಲು ಅವರು ಮೊದಲು ಸೈಕಲ್ಲಿನ ಹ್ಯಾಂಡಲ್ ಮುಂದೆ ಇನ್ನೊಂದು ಗಾಲಿಯನ್ನು ಅಡ್ಡ ಮಲಗಿಸಿ ಕೂಡಿಸಿ, ಅದರ ಮೇಲೆ ತುಣುಕುಗಳನ್ನು ನಿಲ್ಲಿಸಿ ಗಾಳಿಗೆದುರಾಗಿ ಪೆಡಲ್ ತುಳಿದರು. ಆಮೇಲೆ 1901ರಲ್ಲಿ ಅಂಗಡಿಯ ಮೇಲಂತಸ್ತಿನಲ್ಲೇ ಆರಡಿ ಉದ್ದದ ಗಾಳಿಸುರಂಗ ಮಾಡಿಕೊಂಡರು. ಅದರೊಳಗಿನ ತಕ್ಕಡಿಗಳನ್ನು ಮಾಡಿದ್ದು ಹ್ಯಾಕ್ಸಾ ಬ್ಲೇಡಿನ ತುಂಡು ಮತ್ತು ಸೈಕಲ್ ಸ್ಪೋಕಿನ ತಂತಿಯಿಂದ. ಇನ್ನೂರರಷ್ಟು ರೆಕ್ಕೆಯ ಆಕಾರಗಳನ್ನು ಅಳೆದದ್ದು ಅವುಗಳಿಂದಲೇ. ಇಂಜಿನ್ನಿನ ಬಲ ಪ್ರೊಪೆಲರಿಗೆ ಮುಟ್ಟಿದ್ದು ಚೈನಿನ ಮೂಲಕ. ಇಂಜಿನ್ ಮಾಡಿಕೊಟ್ಟವರು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಸೈಕಲ್ ವ್ಯಾಪಾರ ವಸಂತ, ಬೇಸಿಗೆಗಳದ್ದು. ಹಾಗಾಗಿ ಕಿಟಿ ಹಾಕ್‌ನ ಮರಳದಿಬ್ಬಗಳಿಗೆ ಅವರು ಹೋಗುತ್ತಿದ್ದದ್ದು ಹೆಚ್ಚಾಗಿ ಗಿರಾಕಿ ತಗ್ಗಿದ ಮೇಲೆ. ಸೈಕಲ್ ಎಂಬುದು ತಾನಾಗಿ ನಿಲ್ಲದ ವಾಹನ, ಸವಾರ ಕ್ಷಣಕ್ಷಣಕ್ಕೂ ಸರಿದೂಗಿಸಬೇಕಾದದ್ದು. ವಿಮಾನವೂ ಹಾಗೆಯೇ, ಅದನ್ನು ಸವಾರನೇ ಹಿಡಿತದಲ್ಲಿಡಬೇಕು ಎಂದು ಅವರು ಇತರರಿಗಿಂತ ಮೊದಲೇ ಕಂಡುಕೊಂಡದ್ದರ ಹಿಂದೆ ಈ ಕಸುಬು ಇತ್ತು.

ದುಡ್ಡಿದ್ದವರ ಆಟ ಇದು, ಕಸುಬಿನ ಮಾತೆಲ್ಲ ಆಮೇಲಿನದು ಎನ್ನುವವರಿದ್ದಾರೆ. ಅವರಿಗೆ ಉತ್ತರ 1903ರ ಡಿಸೆಂಬರಿನಲ್ಲಿದೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಯಾಮ್ಯುಯಲ್ ಲ್ಯಾಂಗ್ಲಿ ಅವರಿಗೆ ಅಮೆರಿಕದ ಯುದ್ಧ ಇಲಾಖೆ 50,000 ಡಾಲರ್ ಕೊಟ್ಟಿತ್ತು. ಅವರ ವಿಮಾನ ಡಿಸೆಂಬರ್ 8ರಂದು ಪೊಟೋಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನಗಳ ನಂತರ, ಅಂಗಡಿಯ ಲಾಭದಿಂದ ಸುಮಾರು 1,000 ಡಾಲರ್ ಮಾತ್ರ ಖರ್ಚು ಮಾಡಿದ್ದ ಅಣ್ಣತಮ್ಮಂದಿರ ಯಂತ್ರ 12 ಸೆಕೆಂಡು ಹಾರಿತು. ಹಣ ಬೇಡವೆಂದಲ್ಲ. ಆದರೆ ಪ್ರತಿ ಬೋಲ್ಟನ್ನು ತಾನೇ ಬಿಗಿಯುವವನ ಹಣ ಬೇರೆಯೇ ರೀತಿಯಲ್ಲಿ ಖರ್ಚಾಗುತ್ತದೆ. ನಮ್ಮ ದಕ್ಷಿಣದಲ್ಲೂ ಇದಕ್ಕೆ ಸಾಕ್ಷಿ ಇದೆ. 1910ರಲ್ಲಿ ಮದ್ರಾಸಿನಲ್ಲಿ ತನ್ನದೇ ವಿಮಾನ ಹಾರಿಸಿದ ಜಾಕೊಮೊ ಡಿ’ಏಂಜೆಲಿಸ್ ಕಾರ್ಸಿಕಾ ಮೂಲದ ಹೋಟೆಲ್ ಮಾಲೀಕ. ತಾನು ಯೋಚಿಸಿದ್ದನ್ನು ಕಟ್ಟಿಸಲು ಆತ ಹೋದದ್ದು ಸಾರೋಟು, ಗಾಡಿಗಳನ್ನು ಮಾಡುತ್ತಿದ್ದ ಸಿಂಪ್ಸನ್ ಕಂಪನಿಗೆ. ಪ್ರದರ್ಶನಕ್ಕೆ ಟಿಕೆಟ್ ಇಟ್ಟು ಜನರನ್ನು ಸೇರಿಸಿದ್ದು ಅತಿಥಿಗಳನ್ನು ಕರೆದು ಗೊತ್ತಿದ್ದ ಹೋಟೆಲಿನವನ ಬುದ್ಧಿ.

ಇಲ್ಲಿ ಕನ್ನಡ ಓದುಗರಿಗೆ ಆನೇಕಲ್ ಸುಬ್ಬರಾಯ ಶಾಸ್ತ್ರಿಗಳ ವೈಮಾನಿಕ ಶಾಸ್ತ್ರ ನೆನಪಾಗುವುದು ಸಹಜ. 1895ರಲ್ಲಿ ಮುಂಬೈಯ ಚೌಪಾಟಿಯಲ್ಲಿ ಶಿವಕರ ಬಾಪೂಜಿ ತಳಪದೆ ವಿಮಾನ ಹಾರಿಸಿದರು ಎಂಬ ಮಾತೂ ನೆನಪಾಗುತ್ತದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಆ ಗ್ರಂಥವನ್ನು ಪರಿಶೀಲಿಸಿ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂದು ತೋರಿಸಿದರು. ತಳಪದೆಯವರ ಉತ್ಸಾಹವನ್ನು ನಾನು ಅನುಮಾನಿಸುವುದಿಲ್ಲ. ರೈಟ್ ಸಹೋದರರ ಹಿಂದೆ ಅಳತೆಗಳ ಪುಸ್ತಕ, ಮುರಿದ ತುಂಡು, ಅಂಗಡಿಯ ಲೆಕ್ಕ ಎಲ್ಲ ಉಳಿದಿವೆ. ಚೌಪಾಟಿಯ ಕಥೆಯ ಹಿಂದೆ ಅಂಥ ವರ್ಕ್‌ಶಾಪಿನ ಗುರುತು ಸಿಗುವುದಿಲ್ಲ. ಕೈಕೆಲಸ ನಡೆದಿದ್ದರೆ ಗುರುತು ಉಳಿಯುತ್ತದೆ.

ಹಗಲಿನ ಕಸುಬೇ ವಿಮಾನ ಕಟ್ಟಿಸುವುದಾದರೆ, ದೇಶದ ವಿಮಾನ ರಾಜಧಾನಿಯಾದ ಬೆಂಗಳೂರಿನಲ್ಲಿ ಮನೆಮನೆಗೂ ವಿಮಾನ ಇರಬೇಕಿತ್ತಲ್ಲ? ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. 1940ರಲ್ಲಿ ಎಚ್‌ಎಎಲ್ ಬಂತು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕಲ್ ವಿಭಾಗ ಶುರುವಾಯಿತು. ಆದರೂ ಮನೆಯಲ್ಲಿ ವಿಮಾನ ಕಟ್ಟುವವರ ಪರಂಪರೆ ಇಲ್ಲಿ ಬೆಳೆಯಲಿಲ್ಲ. ಎಚ್‌ಎಎಲ್‌ನ ಫಿಟ್ಟರ್‌ಗೆ ಕೈ ಹದ ಇತ್ತು, ಆದರೆ ಉಪಕರಣ ಕಾರ್ಖಾನೆಯ ಗೇಟಿನೊಳಗೇ ಉಳಿಯುತ್ತಿತ್ತು. ಸೈಕಲ್ ಅಂಗಡಿಯವನ ಉಪಕರಣ ಅವನದೇ. ರಾತ್ರಿ ಎಂಟಕ್ಕೆ ಶಟರ್ ಎಳೆದುಕೊಂಡು ಒಳಗೆ ಕೂತರೆ ಕೇಳುವವರಿಲ್ಲ. ಇನ್ನೊಂದು ಕಾರಣವೂ ಇದೆ. ಹಾರುವ ಆಸೆಯನ್ನು ಇಲ್ಲಿ ಸರ್ಕಾರವೇ ಪೂರೈಸುವ ಹೊಣೆ ಹೊತ್ತಿತು. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ, 1958ರಲ್ಲಿ ಹಾರಿದ ಪುಷ್ಪಕ್ ಬಟ್ಟೆ ಹೊದಿಸಿದ ಮೈಯ, 90 ಅಶ್ವಶಕ್ತಿಯ ಎರಡು ಸೀಟಿನ ವಿಮಾನ. ಅದು ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಆದದ್ದು. ಸಹಾಯಧನದ ದರದಲ್ಲಿ ಗಂಟೆ ಸಿಗುತ್ತಿದ್ದ ಕಾಲದಲ್ಲಿ ವಕೀಲರೋ ಬ್ಯಾಂಕ್ ನೌಕರರೋ ಜಕ್ಕೂರಿನಂಥ ಕಡೆ ಕಲಿಯಬಹುದಿತ್ತು, ಕಟ್ಟುವ ಅಗತ್ಯ ಬೀಳಲಿಲ್ಲ. ಈಗ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕು, ತರಬೇತಿ ಶಾಲೆಗಳ ಗಮನವೆಲ್ಲ ಏರ್‌ಲೈನ್ ಸೇರುವವರ ಮೇಲಿದೆ. ಹವ್ಯಾಸಿ ಅಂಚಿಗೆ ಸರಿದಿದ್ದಾನೆ. ನಮ್ಮವರಿಗೆ ಈ ಕೆಲಸ ಬಾರದು ಎಂಬ ಅನುಮಾನಕ್ಕೂ ಬೆಂಗಳೂರೇ ಉತ್ತರ ಕೊಟ್ಟಿದೆ. ಫ್ರೆಂಚ್ ಇಂಜಿನಿಯರ್ ಜೋಯೆಲ್ ಕೋಕ್ಲಿನ್ ಇಲ್ಲಿ ಕಟ್ಟಿದ ರಾಜ್ ಹಂಸ ಕಂಪನಿಯಿಂದ ಎಕ್ಸ್-ಏರ್ ಎಂಬ ಹಗುರ ವಿಮಾನದ ಬಿಡಿಭಾಗಗಳ ಕಿಟ್ ಬ್ರಿಟನ್, ಫ್ರಾನ್ಸ್‌ಗಳಿಗೆ ಹೋಯಿತು. ಬೆಂಗಳೂರಿನ ಕೈಗಳು ಕತ್ತರಿಸಿದ ಪೈಪು, ಹೊಲಿದ ಬಟ್ಟೆ ಬ್ರಿಟನ್ನಿನ ಯಾರೋ ನೌಕರಸ್ಥರ ಸಂಜೆಗಳಲ್ಲಿ ವಿಮಾನವಾಯಿತು. ಕೌಶಲ ನಮ್ಮಲ್ಲೇ ಇತ್ತು, ಸಂಜೆ ಮಾತ್ರ ಅವರದಾಯಿತು ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕಾನೂನಿನ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಮೆರಿಕದಲ್ಲಿ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿ ಅಥವಾ ಖುಷಿಗಾಗಿ ತಾನೇ ಮಾಡಿದವರಿಗೆ ಪ್ರತ್ಯೇಕ ವರ್ಗವೇ ಇದೆ. 1953ರಲ್ಲಿ ಮಿಲ್ವಾಕೀಯಲ್ಲಿ, ಏರ್ ನ್ಯಾಷನಲ್ ಗಾರ್ಡ್‌ನಲ್ಲಿದ್ದ ಪಾಲ್ ಪೊಬೆರೆಜ್ನಿ ಹವ್ಯಾಸಿಗಳನ್ನು ಕೂಡಿಸಿ ಇಎಎ ಸಂಘ ಕಟ್ಟಿದರು. ಒಬ್ಬರ ತಪ್ಪು ಇನ್ನೊಬ್ಬರಿಗೆ ಪಾಠವಾಗುವ ವ್ಯವಸ್ಥೆ ಅಲ್ಲಿಂದ ಬೆಳೆಯಿತು. ಭಾರತದಲ್ಲಿ ದಾರಿ ಎಷ್ಟು ಕಿರಿದು ಎಂಬುದಕ್ಕೆ ಮುಂಬೈಯ ಅಮೋಲ್ ಯಾದವ್ ನಿದರ್ಶನ. ಜೆಟ್ ಏರ್‌ವೇಸ್‌ನಲ್ಲಿ ಪೈಲಟ್ ಆಗಿದ್ದ ಅವರು ಕಾಂದಿವಲಿಯ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದರು. 2016ರಲ್ಲಿ ಅದು ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ನಿಂತಿತು, 2017ರಲ್ಲಿ ನೋಂದಣಿ ಸಿಕ್ಕಿತು, ಹಾರಿಸಿ ನೋಡುವ ಅನುಮತಿ 2019ಕ್ಕೆ ಬಂತು. ಏರ್‌ಲೈನ್‌ನ ಸಂಬಳ, ಪಾಳಿಗಳ ನಡುವಿನ ರಜೆ ಇಲ್ಲದಿದ್ದರೆ ಅಷ್ಟು ವರ್ಷ ತಾಳಿಕೊಳ್ಳುವುದು ಯಾರಿಗೂ ಕಷ್ಟ. ಅಪಾಯದ ಭಯ ಅಧಿಕಾರಿಗಳಿಗಿದ್ದರೆ ತಪ್ಪಲ್ಲ. ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತದ ಪ್ರಮಾಣ ಕಾರ್ಖಾನೆಯ ವಿಮಾನಗಳಿಗಿಂತ ಹೆಚ್ಚು, ಅದರಲ್ಲೂ ಮೊದಲ ಹಾರಾಟಗಳಲ್ಲಿ ಹೆಚ್ಚು ಎಂದು 2012ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ಅಧ್ಯಯನವೇ ಹೇಳಿದೆ. ಅದಕ್ಕೆ ಆ ದೇಶ ಕಂಡುಕೊಂಡ ಮದ್ದು ನಿಷೇಧವಲ್ಲ. ಮೊದಲ 25 ಅಥವಾ 40 ಗಂಟೆಗಳನ್ನು ನಿಗದಿತ ಪ್ರದೇಶದೊಳಗೇ ಹಾರಬೇಕೆಂಬ ನಿಯಮವನ್ನು ಅದು ಇಟ್ಟುಕೊಂಡಿದೆ.

ಇಷ್ಟನ್ನೂ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಕಡಗಂಚಿಯಿಂದ ನೋಡಿದರೆ ಹೇಗೆ ಕಾಣುತ್ತದೆ? 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತು, ಪೈಲಟ್ ತರಬೇತಿಯೂ ಬಂತು. ಈ ಸೀಮೆಯ ಕೈಕೆಲಸ ಅಲ್ಲಿಗೆ ಮುಟ್ಟುವುದು ದೂರದ ಮಾತು. ಮುಟ್ಟುವುದಾದರೆ ಅದು ತೊಗರಿ ಹೊಲದ ಮೇಲಿಂದ. ಹೂ ಬಿಡುವ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ನುಗ್ಗಿದರೆ ಔಷಧ ಮುಖಕ್ಕೇ ಸಿಡಿಯುತ್ತದೆ. ಕಾಯಿಕೊರಕಕ್ಕೆ ಮೇಲಿಂದ ಸಿಂಪಡಿಸುವ ಡ್ರೋನ್‌ಗೆ ಇಲ್ಲಿ ಬೇಡಿಕೆ ಬಂದದ್ದು ಇದಕ್ಕೇ. ಆ ಡ್ರೋನಿನ ನಾಝಲ್ ಕಟ್ಟಿಕೊಳ್ಳುತ್ತದೆ, ಮಡಚುವ ಕೈ ಕೀಲಿನಲ್ಲಿ ಬಿರುಕು ಬಿಡುತ್ತದೆ, ಮೋಟಾರಿನೊಳಗೆ ಔಷಧ ಸೇರಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಪವರ್ ಸ್ಪ್ರೇಯರ್ ರಿಪೇರಿ ಮಾಡುವವರು, ಮೋಟಾರ್ ವೈಂಡಿಂಗ್ ಮಾಡುವವರು, ಮೊಬೈಲ್ ಅಂಗಡಿಯಲ್ಲಿ ಬೆಸುಗೆ ಹಾಕುವವರು ಈ ಮೂವರ ಕೈಯಲ್ಲಿ ಬೇಕಾದ ಕೆಲಸವೆಲ್ಲ ಇದೆ. ಬಿಡುವೂ ಇದೆ: ತೊಗರಿ, ಜೋಳದ ರಾಶಿ ಮುಗಿದ ಮೇಲೆ ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಈ ಅಂಗಡಿಗಳಲ್ಲಿ ಗಿರಾಕಿ ಕಡಿಮೆ.

ಕಾನೂನೂ ಇಲ್ಲಿ ಅಷ್ಟು ಬಿಗಿಯಾಗಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಎರಡು ಕಿಲೋವರೆಗಿನ ಡ್ರೋನ್‌ಗಳನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಕಿಲ್ಲ. ದೊಡ್ಡದನ್ನು ಕಟ್ಟಿ ಪರೀಕ್ಷಿಸಲು, ಸಂಶೋಧನೆಯ ಉದ್ದೇಶವಿದ್ದು ಹಸಿರು ವಲಯದೊಳಗೆ ತಮ್ಮದೇ ಆವರಣದಲ್ಲಿ ಹಾರಿಸುವುದಾದರೆ, ಶಿಕ್ಷಣ ಸಂಸ್ಥೆಗಳಿಗೆ ಪ್ರಮಾಣಪತ್ರ, ನೋಂದಣಿ, ಲೈಸೆನ್ಸುಗಳಿಂದ ವಿನಾಯಿತಿ ಇದೆ. ಈ ವಿನಾಯಿತಿ ಆಳಂದದ ಮೆಕ್ಯಾನಿಕ್‌ಗೆ ಇಲ್ಲ, ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಸಂಸ್ಥೆಗಳಿಗೆ ಇದೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗಳಿದ್ದಾರೆ, ವಿಶಾಲವಾದ ಬಯಲಿದೆ. ಕೈ ಹದ ಇರುವವರಿಗೆ ಕಾನೂನಿನ ಆಸರೆ ಇಲ್ಲ, ಆಸರೆ ಇರುವಲ್ಲಿ ಹತ್ತು ವರ್ಷ ಸ್ಪ್ರೇಯರ್ ಬಿಚ್ಚಿ ಜೋಡಿಸಿದ ಕೈಗಳಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ವಿಶ್ವವಿದ್ಯಾಲಯದ ಲ್ಯಾಬನ್ನು ಸುತ್ತಲ ಊರುಗಳ ಈ ಕಸುಬುದಾರರಿಗೆ ತೆರೆಯುವುದಕ್ಕೆ ಹೊಸ ಕಾಯಿದೆ ಬೇಡ, ಒಂದು ಸುತ್ತೋಲೆ ಸಾಕು.